ನಿಮ್ಮಪ್ಪನಿಗೂ ಚೀಟಿ ಅಂಟಿಸಿದ್ರಾ?

ಹೋದ ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ನೈಟ್ ಮುಗಿಸಿಕೊಂಡು ಮನೆಗೆ ಬಂದೆ. ಬಾಗಿಲ ಮೇಲೆ ಒಂದು ಚೀಟಿ. ನೀಲಿ ಬಣ್ಣದ ಅರ್ಧಚಂದ್ರ, ಅವನ ತುಟಿಯ ಮೇಲೊಂದು ದಪ್ಪ ಬೆರಳು. ಕೆಳಗೆ ಸೊಟ್ಟ ಸೊಟ್ಟ ಇಂಗ್ಲಿಷ್ ಅಕ್ಷರದಲ್ಲಿ, "ಶ್! ಒಳಗೆ ನರ್ಸ್ ಮಲಗಿದ್ದಾರೆ." ಎರಡು ಕಡೆ ಸ್ಪೆಲ್ಲಿಂಗ್ ತಪ್ಪು.

ಮೇಲಿನ ಮನೆಯ ಆರು ವರ್ಷದ ಹುಡುಗಿಯ ಕೆಲಸ ಇದು. ಕೊರಿಯರ್ ಹುಡುಗರು ಯಾರದೋ ಪಾರ್ಸೆಲ್‌ಗೆ ಎಲ್ಲರ ಬೆಲ್ಲೂ ಒತ್ತುತ್ತಾರೆ. ಅವಳಮ್ಮನ ಹತ್ತಿರ ಒಮ್ಮೆ ಗೊಣಗಿದ್ದೆ. ಮಗು ಕೇಳಿಸಿಕೊಂಡಿರಬೇಕು. ಈಗ ಶಾಲೆಗೆ ಹೋಗುವಾಗ ಶೂ ಕೈಯಲ್ಲಿ ಹಿಡಿದು ನನ್ನ ಬಾಗಿಲು ದಾಟುತ್ತಾಳಂತೆ. ಕೆಳಗಿನ ಮೆಟ್ಟಿಲ ಮೇಲೆ ಕೂತು ಹಾಕಿಕೊಳ್ಳುತ್ತಾಳಂತೆ.

ಸಂಜೆ ಡ್ಯೂಟಿಗೆ ಹೊರಟಾಗ ಮೆಟ್ಟಿಲಲ್ಲೇ ಸಿಕ್ಕಳು. ಥ್ಯಾಂಕ್ಸ್ ಹೇಳಿದೆ. ಸುಮ್ನೆ ಮಾತಿಗೆ, "ನಮ್ಮಪ್ಪನೂ ನನ್ನ ಹಾಗೇ ರಾತ್ರಿ ಕೆಲಸ ಮಾಡ್ತಿದ್ದ" ಅಂದೆ.

"ಹೌದಾ? ನಿಮ್ಮಪ್ಪನಿಗೂ ಚೀಟಿ ಅಂಟಿಸಿದ್ರಾ?"

"ಹೂಂ" ಅಂದುಬಿಟ್ಟೆ. ಬಸ್ಸು ಹತ್ತಿದ ಮೇಲೂ ಆ "ಹೂಂ" ಗಂಟಲಲ್ಲೇ ಇತ್ತು.

ನಾನಿರುವುದು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ. ಊರಿಗೆ ಊರೇ ಬೂದು ಬಣ್ಣದ ಗ್ರಾನೈಟ್ ಕಲ್ಲಿನದು. ಹುಟ್ಟಿ ಬೆಳೆದದ್ದು ಕಲಬುರಗಿ ಜಿಲ್ಲೆಯ ಸೇಡಂ ಕಡೆ. ಅಲ್ಲಿ ನೆಲಕ್ಕೆ, ಗೋಡೆಗೆ, ಅಂಗಳಕ್ಕೆ ಎಲ್ಲದಕ್ಕೂ ಶಹಾಬಾದ್ ಕಲ್ಲು. ಆ ಸುಣ್ಣದಕಲ್ಲಿನ ಸಲುವಾಗಿಯೇ ನಮ್ಮ ಕಡೆ ಅಷ್ಟೊಂದು ಸಿಮೆಂಟ್ ಫ್ಯಾಕ್ಟರಿಗಳು. ಅವುಗಳಲ್ಲೊಂದರಲ್ಲಿ ಅಪ್ಪ ಭಟ್ಟಿಯ ವಿಭಾಗದಲ್ಲಿದ್ದ.

ಸಿಮೆಂಟಿನ ಭಟ್ಟಿ ಅಂದರೆ ಒಲೆಯಲ್ಲ, ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚಲಿಕ್ಕೆ. ಒಳಗೆ ಕಲ್ಲು ಬೇಯುವುದು ಸುಮಾರು 1450 ಡಿಗ್ರಿಯಲ್ಲಿ. ಒಮ್ಮೆ ತಣ್ಣಗಾದರೆ ಮತ್ತೆ ಕಾಯಿಸಲು ದಿನಗಟ್ಟಲೆ ಬೇಕು, ಒಳಗಿನ ಇಟ್ಟಿಗೆಯೂ ಬಿರುಕು ಬಿಡುತ್ತದೆ. ಹಾಗಾಗಿ ಭಟ್ಟಿ ಮಲಗುವುದಿಲ್ಲ. ಭಟ್ಟಿ ಮಲಗದಿದ್ದರೆ ಮನುಷ್ಯನೂ ಮಲಗುವ ಹಾಗಿಲ್ಲ. ಬೆಳಿಗ್ಗೆ ಆರರಿಂದ ಎರಡು, ಎರಡರಿಂದ ರಾತ್ರಿ ಹತ್ತು, ಹತ್ತರಿಂದ ಮತ್ತೆ ಆರು. ವಾರಕ್ಕೊಮ್ಮೆ ಪಾಳಿ ಬದಲು.

ಕಲಬುರಗಿಯಿಂದ ಇಲ್ಲಿಗೆ ಬಂದಾಗ ನಾಲ್ಕೂವರೆ ತಾಸಿನ ವ್ಯತ್ಯಾಸಕ್ಕೇ ನಾನು ಒಂದು ವಾರ ದಿಕ್ಕೆಟ್ಟಿದ್ದೆ. ಮಧ್ಯಾಹ್ನ ತೂಕಡಿಕೆ, ನಸುಕಿಗೆ ಹಸಿವು. ಅಪ್ಪ ಸೇಡಂ ಬಿಟ್ಟು ಕದಲದೆ ವಾರವಾರವೂ ಎಂಟೆಂಟು ತಾಸು ದಾಟುತ್ತಿದ್ದ. ಒಂದು ಪಾಳಿಗೆ ಮೈ ಒಗ್ಗಿತು ಅನ್ನುವಷ್ಟರಲ್ಲಿ ಸೋಮವಾರ ಬರುತ್ತಿತ್ತು.

ನೈಟ್ ಮುಗಿಸಿ ಆರೂವರೆಗೆ ಬರುತ್ತಿದ್ದ. ಮೈಮೇಲೆಲ್ಲ ಬೂದಿಯಂಥ ಧೂಳು. ಸ್ನಾನ, ಒಂದು ಬಟ್ಟಲು ಸುಸ್ಲಾ, ಸಕ್ಕರೆ ಜಾಸ್ತಿ ಹಾಕಿದ ಚಹಾ. ಎಂಟಕ್ಕೆ ಮಲಗಿದರೆ ಹನ್ನೊಂದಕ್ಕೆ ಎದ್ದು ಕೂತಿರುತ್ತಿದ್ದ. ನಮ್ಮ ಮನೆಗೆ ಮಲಗುವ ಕೋಣೆ ಅಂತ ಬೇರೆ ಇರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಒಂದು ಕಬ್ಬಿಣದ ಮಂಚ. ಕಿಟಕಿಗೆ ಅವ್ವನ ಹಳೇ ಸೀರೆ. ಮೇ ತಿಂಗಳಲ್ಲಿ ಬಿಸಿಲು 43 ಡಿಗ್ರಿ, ಕೂಲರ್ ಇತ್ತು, ಕರೆಂಟ್ ಇರುತ್ತಿರಲಿಲ್ಲ.

ಅವ್ವ ಹೊರಗೆ ಬಂದು ಪಿಸುದನಿಯಲ್ಲೇ ಒದರುತ್ತಿದ್ದಳು. "ನಿಮ್ಮಪ್ಪ ಮಕ್ಕೊಂಡಾರ, ಗದ್ದಲ ಮಾಡಬ್ಯಾಡ್ರಿ!" ಐದು ನಿಮಿಷ ಸುಮ್ಮನಿರುತ್ತಿದ್ದೆವು. ಆಮೇಲೆ ಮತ್ತೆ ಅಂಗಳದ ಹಾಸುಗಲ್ಲಿನ ಮೇಲೆ ಕುಂಟಾಟ. ಆಡುವ ಬಿಲ್ಲೆಯೂ ಶಹಾಬಾದ್ ಕಲ್ಲಿನ ಚೂರೇ. ಕಲ್ಲಿನ ಮೇಲೆ ಕಲ್ಲು ಬಿದ್ದರೆ ಹೇಗೆ ಸದ್ದಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಕೆಲವು ದಿನ ಅಪ್ಪ ಏನೂ ಅನ್ನದೆ ಚಾದರ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ. ಹನುಮಪ್ಪನ ಗುಡಿಯ ತಣ್ಣನೆ ಕಲ್ಲಿನ ಮೇಲೆ ಮಲಗಲಿಕ್ಕೆ. ನಮಗೆ ಅದು ಗೆಲುವು. ಅಂಗಳ ಪೂರ್ತಿ ನಮ್ಮದು!

ಬಂಧುಗಳು ಅವನಿಗೆ ಕುಂಭಕರ್ಣ ಅಂತ ಹೆಸರಿಟ್ಟಿದ್ದರು. "ಯಾವಾಗ ಬಂದ್ರೂ ಮಕ್ಕೊಂಡೇ ಇರ್ತಾನಲ್ಲ ನಿನ್ ಗಂಡ" ಅಂತ ಅವ್ವನೆದುರೇ ನಗುತ್ತಿದ್ದರು. ಅವರು ಬರುತ್ತಿದ್ದದ್ದು ಬೆಳಿಗ್ಗೆ ಹತ್ತಕ್ಕೆ. ರಾತ್ರಿ ಮೂರಕ್ಕೆ ಬಂದು ನೋಡಿದವರು ಯಾರೂ ಇಲ್ಲ.

ನಮ್ಮ ಕಡೆ ನಿದ್ದೆಗೆ ಮರ್ಯಾದೆಯೇ ಇಲ್ಲ ಅಂತಲ್ಲ. ಬೇಸಿಗೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಜಾರ್ ಕೂಡ ಕಣ್ಣು ಮುಚ್ಚುತ್ತದೆ. ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳನ್ನೂ ಬೆಳಿಗ್ಗೆ ಎಂಟರಿಂದ ಒಂದೂವರೆಗೆ ಮಾಡುತ್ತಾರೆ. ರಾತ್ರಿ ಎಲ್ಲರೂ ಮಾಳಿಗೆ ಮೇಲೆ, ನಸುಕಿನ ತಂಪಿಗೆ ಮುಸುಕು ಹೊದ್ದು ಇನ್ನೊಂದು ನಿದ್ದೆ. ಸೂರ್ಯನ ಜೊತೆ ಹೊಂದಿಕೊಂಡು ಬದುಕುವುದನ್ನು ಯಾರೂ ನಮಗೆ ಕಲಿಸಬೇಕಿಲ್ಲ. ಊರೆಲ್ಲ ಮಲಗಿದಾಗ ಮಲಗಿದರೆ ಅದು ವಿಶ್ರಾಂತಿ. ಊರು ಎದ್ದಿರುವಾಗ ಒಬ್ಬನೇ ಮಲಗಿದರೆ ಮಾತ್ರ ಸೋಮಾರಿ. ನನಗೆ ಸಿಟ್ಟು ಬರುವುದು ಇಲ್ಲೇ.

ಮೈಯೊಳಗೆ ಗಡಿಯಾರ ಇದೆ ಅಂತ ನಾನು ನರ್ಸಿಂಗ್ ಓದುವಾಗಲೇ ಬಾಯಿಪಾಠ ಮಾಡಿದ್ದೆ. 2017ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದೂ ಅದರ ಒಳಗುಟ್ಟು ಬಿಚ್ಚಿದ ಮೂವರಿಗೆ. ಆದರೆ ಬಾಯಿಪಾಠ ಬೇರೆ. ಬೆಳಗಿನ ನಾಲ್ಕಕ್ಕೆ ವಾರ್ಡಿನಲ್ಲಿ ನಿಂತು ಸಣ್ಣಗೆ ನಡುಗುವುದು ಬೇರೆ. ಆ ಹೊತ್ತಿಗೆ ಮೈಯ ಬಿಸಿ ತೀರಾ ಇಳಿದಿರುತ್ತದೆ. ಓದಿದ್ದನ್ನೇ ಎರಡು ಸಲ ಓದಬೇಕಾಗುತ್ತದೆ. ತಿಂದದ್ದು ಕರಗುವುದಿಲ್ಲ. ಅದೇ ಅನ್ನ ಮಧ್ಯಾಹ್ನ ಉಂಡರೆ ಒಂದು ಥರ, ರಾತ್ರಿ ಎರಡಕ್ಕೆ ಉಂಡರೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಏರುತ್ತದೆ. ಮನೆಗೆ ಬಂದು ಮಲಗಿದರೆ ಹಗಲ ನಿದ್ದೆ ಐದು ತಾಸಿಗೇ ಹರಿಯುತ್ತದೆ. ಸದ್ದಿನಿಂದಲ್ಲ. ಆ ಕೊರಿಯರ್ ಬೆಲ್ ಬಿಟ್ಟರೆ ಇಲ್ಲಿ ಸದ್ದೆಲ್ಲಿದೆ? ಒಮ್ಮೊಮ್ಮೆ ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಎಬ್ಬಿಸುವುದು ಬೆಳಕು, ಮತ್ತೆ ಆ ಒಳಗಿನ ಗಡಿಯಾರ. ಜೂನ್‌ನಲ್ಲಂತೂ ಇಲ್ಲಿ ಬೆಳಿಗ್ಗೆ ನಾಲ್ಕೂಕಾಲಿಗೆ ಹುಟ್ಟಿದ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ. ಕಪ್ಪು ಪರದೆ ಹಾಕಿಸಿದ್ದೇನೆ. ಮನೆಗೆ ಬರುವಾಗ, ಮೋಡ ಕವಿದಿದ್ದರೂ, ಕರಿ ಕನ್ನಡಕ ಹಾಕುತ್ತೇನೆ. ಬಸ್ಸಿನಲ್ಲಿ ನನ್ನನ್ನು ನೋಡಿ ನಗುವವರೂ ಇದ್ದಾರೆ.

ಇಷ್ಟೆಲ್ಲ ಗೊತ್ತಿರುವ ನನಗೇ ಹೀಗೆ. ಅಪ್ಪನಿಗೆ ನಲವತ್ತನಾಲ್ಕಕ್ಕೆ ಶುಗರ್ ಬಂತು, ಹಿಂದೆಯೇ ಬಿಪಿ. "ಸಿಹಿ ತಿಂದಿರಿ ಜಾಸ್ತಿ" ಅಂದರು ಡಾಕ್ಟರ್. ಅಪ್ಪ ಸಿಹಿ ತಿನ್ನುತ್ತಿದ್ದದ್ದು ಹೌದು. ಆದರೆ ಎಷ್ಟು ಹೊತ್ತಿಗೆ ಮಲಗ್ತೀರಿ ಅಂತ ಯಾರೂ ಕೇಳಲಿಲ್ಲ. ಪಾಳಿಯಿಂದಲೇ ಬಂತು ಅಂತ ನಾನೂ ಹೇಳಲಾರೆ, ಅಜ್ಜನಿಗೂ ಶುಗರ್ ಇತ್ತು. ಪಾಳಿ ಕೆಲಸದವರಲ್ಲಿ ಶುಗರ್, ಹೃದಯದ ತೊಂದರೆ ಹೆಚ್ಚು ಅನ್ನುವುದಂತೂ ಈಗ ಗುಟ್ಟಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ, ರಾತ್ರಿ ಪಾಳಿಯನ್ನು ಬಹುಶಃ ಕ್ಯಾನ್ಸರ್ ತರಬಲ್ಲದ್ದರ ಪಟ್ಟಿಯಲ್ಲಿಟ್ಟಿತು. ಅದೇ ಪಟ್ಟಿಯಲ್ಲಿ ಕುರಿ ಮಾಂಸವೂ ಇದೆ, ಹಾಗಾಗಿ ಓದಿದವರು ಈಗಲೇ ರಾಜೀನಾಮೆ ಬರೆಯಬೇಡಿ.

ಇದೆಲ್ಲ ತಲೆಯಲ್ಲಿ ತಿರುಗುತ್ತಿರುವಾಗಲೇ ಕಾಕಾನ ಮಗನ ವಾಟ್ಸಾಪ್ ಬಂತು. ಕಲಬುರಗಿಯಲ್ಲಿ ರೂಮ್ ಮಾಡಿ ಪರೀಕ್ಷೆಗೆ ಓದುತ್ತಿದ್ದಾನೆ. ಯಾವುದೋ ವಿಡಿಯೋ ನೋಡಿ, ನಾಲ್ಕು ತಾಸಿಗೊಮ್ಮೆ ಇಪ್ಪತ್ತು ನಿಮಿಷ ಮಲಗುವ ಪದ್ಧತಿ ಶುರು ಮಾಡಿದ್ದಾನಂತೆ. ಲೆಕ್ಕ ಹಾಕಿದರೆ ದಿನಕ್ಕೆ ಎರಡೇ ತಾಸು. "ಅಕ್ಕಾ, ಟೈಮ್ ಭಾಳ ಉಳೀತದ" ಅಂತ ಖುಷಿ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ ಕಣೋ ಅಂತ ಬರೆದೆ. ನಾಲ್ಕನೇ ದಿನಕ್ಕೆ ತಾನಾಗಿಯೇ ಬಿಟ್ಟ. ಲೈಬ್ರರಿಯಲ್ಲಿ ಪುಸ್ತಕದ ಮೇಲೆ ಜೊಲ್ಲು ಸುರಿಸಿಕೊಂಡು ಮಲಗಿದ್ದನ್ನು ಗೆಳೆಯರು ಫೋಟೋ ತೆಗೆದರಂತೆ. ಅಪ್ಪನಿಗೆ ಬೇರೆ ದಾರಿ ಇರಲಿಲ್ಲ. ಇವನು ದುಡ್ಡು ಕೊಟ್ಟು ಡೇಟಾ ಹಾಕಿಸಿಕೊಂಡು ಆ ಕಷ್ಟ ಕಲಿಯುತ್ತಿದ್ದ, ನೋಡಿ.

ಅಪ್ಪ ರಿಟೈರ್ ಆಗಿ ಒಂಬತ್ತು ವರ್ಷವಾಯಿತು. ಕೈಯಲ್ಲೀಗ ಪೂರ್ತಿ ರಾತ್ರಿಗಳಿವೆ, ನಿದ್ದೆ ಬರುವುದಿಲ್ಲ. ರಾತ್ರಿ ಒಂಬತ್ತಕ್ಕೆಲ್ಲ ಎದ್ದು ಅಡುಗೆಮನೆಗೆ ಹೋಗಿ ಬರುತ್ತಾನೆ ಅಂತ ಅವ್ವ ಹೇಳುತ್ತಾಳೆ. ನೈಟ್ ಪಾಳಿಗೆ ಹೊರಡುವಾಗ ರೊಟ್ಟಿ, ಪುಂಡಿಪಲ್ಯದ ಬುತ್ತಿ ಅಲ್ಲೇ ಇರುತ್ತಿತ್ತು.

ಬುಧವಾರ ಬೆಳಿಗ್ಗೆ ಬಸ್ ಸ್ಟಾಪಿನಿಂದಲೇ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ ಒಂದು ಗಂಟೆ. ಚೀಟಿಯ ಕಥೆ ಹೇಳಿದೆ. ಹುಡುಗಿ ಕೇಳಿದ್ದನ್ನೂ ಹೇಳಿದೆ, ನಾನು ಸುಳ್ಳು ಹೇಳಿದ್ದನ್ನೂ. ಆಮೇಲೆ, ಆಗ ನಿನಗೆ ಭಾಳ ತ್ರಾಸು ಕೊಟ್ಟಿವಿ ಅಲ್ವಾ ಅಪ್ಪಾ ಅಂದೆ.

ಅಪ್ಪ ಟಿವಿಯ ಸದ್ದು ಕಡಿಮೆ ಮಾಡಿದ.

"ಏನ್ ತ್ರಾಸವಾ. ಹಗಲತ್ತ ನಿದ್ದಿ ಎಲ್ಲಿ ಬರ್ತಿತ್ತು? ಕಣ್ಣು ಮುಚಕೊಂಡು ನಿಮ್ಮ ಆಟ ಕೇಳಕೋತ ಬಿದ್ದಿರ್ತಿದ್ದೆ."

ಸ್ವಲ್ಪ ತಡೆದು ಮತ್ತೆ ಅಂದ.

"ನೀನs ಮೋಸ ಮಾಡ್ತಿದ್ದಿ. ದಿನಾ ಗೆರಿ ತುಳೀತಿದ್ದಿ, ತುಳದಿಲ್ಲ ಅಂತ ಜಗಳಾ ತೆಗೀತಿದ್ದಿ."