ಬೈಬಲ್‌ನಲ್ಲಿ ಬರೆದದ್ದನ್ನೆಲ್ಲ ನೀವು ಮಾಡ್ತೀರಾ?

ಮೈಸೂರಿನಿಂದ ಮಂಡ್ಯಕ್ಕೆ ದಿನಾ ರೈಲಿನಲ್ಲಿ ಹೋಗಿಬರುವ ಮೇಷ್ಟ್ರುಗಳ ಗುಂಪಿನಲ್ಲಿ ನಾನೂ ಒಬ್ಬಳು. ನಾಗನಹಳ್ಳಿ ದಾಟುವ ಹೊತ್ತಿಗೆ ಕೆಲವರು ನಿದ್ದೆ ಹೋಗಿರುತ್ತಾರೆ, ಕೆಲವರು ಮೊಬೈಲ್ ಹಿಡಿದಿರುತ್ತಾರೆ, ಒಬ್ಬರಂತೂ ಆಗಲೇ ತಿಂಡಿ ಡಬ್ಬಿ ಬಿಚ್ಚಿರುತ್ತಾರೆ. ನಾನು ಬ್ಯಾಗಿನಿಂದ ಚಿಕ್ಕ ಬೈಬಲ್ ತೆಗೆಯುತ್ತೇನೆ. ಎದುರು ಸೀಟಿನವರು ಮೊದಲು ಕೇಳುವುದು, "ನೀವು ಫಿಲೋಮಿನಾ ಚರ್ಚಾ?" ಅಂತ. ಮೈಸೂರಿನ ಕ್ರೈಸ್ತರೆಲ್ಲ ಅಲ್ಲಿಗೇ ಹೋಗುತ್ತಾರೆ ಅಂದುಕೊಂಡಿದ್ದಾರೆ. ಅಲ್ಲ, ಅದು ಕ್ಯಾಥೊಲಿಕರದು; ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅನ್ನುವ ಪ್ರೊಟೆಸ್ಟೆಂಟ್ ಸಭೆಯವರು. ಆಮೇಲೆ ಎರಡನೇ ಪ್ರಶ್ನೆ: "ಅಲ್ಲ ಮೇಡಂ, ದಿನಾ ಓದ್ತೀರಲ್ಲ, ಅದರಲ್ಲಿ ಬರೆದದ್ದನ್ನೆಲ್ಲ ಮಾಡ್ತೀರಾ?"

ಕೆಲವರು ಕುತೂಹಲಕ್ಕೆ ಕೇಳುತ್ತಾರೆ, ಕೆಲವರು ಕಾಲೆಳೆಯಲು. ನಮ್ಮ ಗುಂಪಿನ ಗಣಿತದ ಮೇಷ್ಟ್ರು ಒಂದು ದಿನ ತಯಾರಾಗಿಯೇ ಬಂದಿದ್ದರು. ಮೊಬೈಲ್‌ನಲ್ಲಿ ಯಾಜಕಕಾಂಡದ 19ನೇ ಅಧ್ಯಾಯ ತೆರೆದು ಹಿಡಿದರು. "ಇಲ್ನೋಡಿ ಮೇಡಂ, 19ನೇ ವಚನ. ಎರಡು ಥರದ ನೂಲು ಸೇರಿಸಿ ನೇಯ್ದ ಬಟ್ಟೆ ಉಡಬಾರದು ಅಂತಿದೆ. ನಿಮ್ಮ ಸೀರೆ ಯಾವುದು?" ನಾನು ಉಟ್ಟಿದ್ದು ಕಾಟನ್, ಪಾಲಿಯೆಸ್ಟರ್ ಮಿಕ್ಸ್. ಇಡೀ ಬೋಗಿ ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಶ್ರೀರಂಗಪಟ್ಟಣ ಬಂತು, ಹತ್ತಿಳಿಯುವವರ ಗಲಾಟೆಯಲ್ಲಿ ಮಾತು ಬೇರೆ ಕಡೆ ಹೋಯಿತು. ಉತ್ತರ ಬಾಕಿ ಉಳಿಯಿತು.

ಸೀರೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಯಾಕೆಂದರೆ ಮೇಷ್ಟ್ರು ಬೆರಳಿಟ್ಟ ಆ ಅಧ್ಯಾಯದಲ್ಲೇ, ಆರು ವಚನ ಮೇಲೆ, ನನ್ನನ್ನು ಹಿಡಿದು ನಿಲ್ಲಿಸಿದ ಇನ್ನೊಂದು ಮಾತಿದೆ. ಅದು ಅವರ ಕಣ್ಣಿಗೆ ಬೀಳಲಿಲ್ಲ. ಬಹಳ ವರ್ಷ ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಮೊದಲು ನಮ್ಮವರ ಒಂದು ರೂಢಿ ಹೇಳಬೇಕು. ಡಿಸೆಂಬರ್ 31ರ ರಾತ್ರಿ ಚರ್ಚ್‌ನಲ್ಲಿ ಆರಾಧನೆ ಇರುತ್ತದೆ. ಹನ್ನೆರಡು ಹೊಡೆದು, ಎಲ್ಲರೂ ಕೈ ಕುಲುಕಿ ಆದ ಮೇಲೆ ಒಂದು ಬುಟ್ಟಿ ಬರುತ್ತದೆ. ಅದರ ತುಂಬ ವಾಗ್ದಾನದ ಚೀಟಿಗಳು. ಒಬ್ಬೊಬ್ಬರು ಒಂದೊಂದು ಎತ್ತಬೇಕು. ಬಂದ ವಚನ ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ಮಾತು ಅಂತ ಲೆಕ್ಕ. ಮನೆಗೆ ಬಂದು ಬೀರುವಿನ ಬಾಗಿಲಿಗೋ ಫ್ರಿಜ್‌ಗೋ ಅಂಟಿಸುತ್ತೇವೆ. "ನಿಮಗೇನು ಬಂತು?" ಅಂತ ವಾರವೆಲ್ಲ ಫೋನ್. ಚೀಟಿಗಳೆಲ್ಲ ಒಳ್ಳೆಯವೇ: ಆಶೀರ್ವದಿಸುವೆನು, ಕೈಬಿಡೆನು, ತಲೆಯಾಗಿ ಮಾಡುವೆನು. ನಿನ್ನ ಶಿಲುಬೆ ಹೊತ್ತುಕೊಂಡು ನನ್ನ ಹಿಂದೆ ಬಾ ಅನ್ನುವ ಚೀಟಿ ಇಷ್ಟು ವರ್ಷದಲ್ಲಿ ಯಾರಿಗೂ ಬಂದದ್ದು ನಾನು ನೋಡಿಲ್ಲ. ಪ್ರಿಂಟ್ ಮಾಡುವವರಿಗೂ ವ್ಯಾಪಾರ ಆಗಬೇಕಲ್ಲ.

ಕೆಲವು ವರ್ಷದ ಹಿಂದೆ ನನಗೆ ಬಂದದ್ದು ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವುದು ಹಿತದ ಆಲೋಚನೆ, ಕೇಡಿನದ್ದಲ್ಲ. ನಿಮಗೆ ಒಳ್ಳೆಯ ಮುಂದಿನ ಕಾಲ ಕೊಡಬೇಕೆಂದಿದ್ದೇನೆ ಅನ್ನುವ ಅರ್ಥದ ವಚನ. ಖುಷಿಯೋ ಖುಷಿ. ಆ ಜನವರಿಯಲ್ಲೇ ನಮ್ಮ ಕಬ್ಬು ಕಟಾವಿಗೆ ಬಂದಿತ್ತು. ಅಪ್ಪ ಬಿಟ್ಟು ಹೋದ ಒಂದು ಎಕರೆ, ಮಂಡ್ಯದ ಈಚೆ, ವಿಶ್ವೇಶ್ವರಯ್ಯ ನಾಲೆಯ ನೀರು ಬರುವ ಜಮೀನು. ನಾನೂ ತಮ್ಮನೂ ಸೇರಿ ನೋಡಿಕೊಳ್ಳುತ್ತೇವೆ.

ಕಡಿಯಲು ಬಳ್ಳಾರಿ ಕಡೆಯ ಗ್ಯಾಂಗ್ ಬಂದಿತ್ತು. ಹೆಂಡತಿ ಮಕ್ಕಳ ಸಮೇತ ಬಂದು, ಬದುವಿನ ಮೇಲೆ ಟಾರ್ಪಾಲಿನ ಗುಡಿಸಲು ಹಾಕಿಕೊಂಡಿದ್ದರು. ಕತ್ತಲಿರುವಾಗಲೇ ಶುರು. ಗಂಡ ಬುಡಕ್ಕೆ ಹಾಕುತ್ತಾನೆ, ಹೆಂಡತಿ ಸೋಗೆ ಸವರಿ ಕಟ್ಟು ಕಟ್ಟುತ್ತಾಳೆ. ತರಗು ಚುಚ್ಚಿ ಕೈಯೆಲ್ಲ ಗೀರು. (ಕನ್ನಡಕ್ಕೆ ಇಡೀ ಬೈಬಲ್ ಬಂದದ್ದೂ ಬಳ್ಳಾರಿಯಿಂದಲೇ. ಜಾನ್ ಹ್ಯಾಂಡ್ಸ್ ಅನ್ನುವ ಮಿಷನರಿ 1810ರಲ್ಲಿ ಅಲ್ಲಿಗೆ ಬಂದು ಅನುವಾದಕ್ಕೆ ಕೂತರು. 1831ಕ್ಕೆ ಕೆಲಸ ಮುಗಿಯಿತು. ಇದು ಆಗ ನನಗೆ ಹೊಳೆದಿರಲಿಲ್ಲ.)

ಲೋಡ್ ಹೋಯಿತು. ಕಾರ್ಖಾನೆಯಿಂದ ಹಣ ಬರಲಿಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಹದಿನಾಲ್ಕಾಯಿತು, ಮೂವತ್ತಾಯಿತು. ನಾನು ಅರ್ಜಿ ಬರೆದೆ, ಫೋನ್ ಮಾಡಿದೆ, ರೈಲಿನಲ್ಲಿ ಸಿಕ್ಕಿದವರ ಮುಂದೆಲ್ಲ ಕೂಗಾಡಿದೆ. ರೈತರ ಬೆವರಿಗೆ ಬೆಲೆ ಇಲ್ವಾ ಅಂತ ದೊಡ್ಡ ಭಾಷಣ. ಗ್ಯಾಂಗ್‌ನ ಮೇಸ್ತ್ರಿ ಎರಡು ಸಲ ಫೋನ್ ಮಾಡಿದ. ಮುಂಗಡ ಕೊಟ್ಟದ್ದು ಬಿಟ್ಟರೆ ಅರ್ಧಕ್ಕಿಂತ ಜಾಸ್ತಿ ಕೂಲಿ ಬಾಕಿ ಇತ್ತು. "ಬಿಲ್ ಆಗ್ಲಿ ಮೇಸ್ತ್ರಿ, ನಮಗೇ ಬಂದಿಲ್ಲ" ಅಂದೆ. ಹಾಗನ್ನುವಾಗ ನನಗೆ ಒಂದಿಷ್ಟೂ ತಪ್ಪು ಅನಿಸಲಿಲ್ಲ. ರಾತ್ರಿ ಬೀರುವಿನ ಮುಂದೆ ನಿಂತು ಚೀಟಿ ಓದುತ್ತಿದ್ದೆ. ಒಳ್ಳೆಯ ಮುಂದಿನ ಕಾಲ. ಸ್ವಾಮೀ, ಬೇಗ ಬಿಲ್ ಆಗಲಿ.

ನಮ್ಮ ಬೀದಿಯಲ್ಲಿ ಬುಧವಾರ ಸಂಜೆ ಮನೆ ಪ್ರಾರ್ಥನೆ ಕೂಟ ನಡೆಯುತ್ತದೆ. ಎಂಟೋ ಹತ್ತೋ ಜನ, ಒಂದೊಂದು ವಾರ ಒಂದೊಂದು ಮನೆ. ಕೂಟ ನಡೆಸುವ ಅಮ್ಮ ನಿವೃತ್ತ ನರ್ಸ್. ಅವರ ಪದ್ಧತಿಯೇ ಬೇರೆ. ಅಧ್ಯಾಯ ಓದಿಸುತ್ತಾರೆ. ಆಮೇಲೆ "ಇದು ನಿಮ್ಮ ಜೊತೆ ಏನು ಮಾತಾಡಿತು?" ಅಂತ ಕೇಳುವುದಿಲ್ಲ. "ಇದನ್ನ ಯಾರಿಗೆ ಹೇಳಿದ್ದು? ಆಗ ಅವರ ಕೈಲಿ ಏನಿತ್ತು?" ಅಂತ ಕೇಳುತ್ತಾರೆ. ಒಮ್ಮೆ ನಾನು ನನ್ನ ಚೀಟಿಯ ವಚನ ಹೇಳಿದಾಗ, "ಅದು ಒಂದು ಕಾಗದ ಕಣಮ್ಮ. ಕಾಗದದ ಒಂದು ಸಾಲು ಓದಿ ಮಡಿಸಿಡ್ತಾರಾ? ಪೂರ್ತಿ ಓದು" ಅಂದರು.

ಓದಿದೆ. ಯೆರೂಸಲೇಮಿನಿಂದ ಬಾಬಿಲೋನಿಗೆ ಸೆರೆ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ ಅದು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವವನು ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಸಾರಿದ್ದ. ಜನಕ್ಕೆ ಬೇಕಾದದ್ದೂ ಅದೇ. ಯೆರೆಮೀಯ ಬರೆದದ್ದು 70 ವರ್ಷ ಅಂತ. ಅಂದರೆ ಕಾಗದ ಕೈಗೆ ಬಂದಾಗ ನಡುವಯಸ್ಸು ದಾಟಿದ್ದವರು ಊರು ನೋಡದೆಯೇ ಸಾಯುತ್ತಾರೆ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಊರಿನ ಒಳಿತಿಗಾಗಿ ಬೇಡಿಕೊಳ್ಳಿ ಅಂತ ಹೇಳಿ, ಆಮೇಲೆ ಬರುತ್ತದೆ 11ನೇ ವಚನ. ನಾನು ಅದನ್ನು ಬಿಲ್ ಪಾಸಾಗುವ ವಚನ ಮಾಡಿಕೊಂಡಿದ್ದೆ. ಒಂದು ಲೆಕ್ಕದಲ್ಲಿ ನನಗೆ ಬೇಕಾಗಿದ್ದದ್ದು ಹನನ್ಯ.

ಅದಾಗಿ ಎರಡು ಮೂರು ವಾರಕ್ಕೆ ಯಾಜಕಕಾಂಡ 19 ಬಂತು. 13ನೇ ವಚನ ಓದುವ ಸರದಿ ನನ್ನದೇ. ಕೂಲಿಯವನ ಕೂಲಿಯನ್ನು ಮರುದಿನದ ತನಕ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಅಂತ ಅದರಲ್ಲಿದೆ. ಅಮ್ಮ ಇನ್ನೊಬ್ಬರ ಕೈಲಿ ಧರ್ಮೋಪದೇಶಕಾಂಡ 24:15 ಓದಿಸಿದರು. ಹೊತ್ತು ಮುಳುಗುವ ಮೊದಲೇ ಕೊಡು, ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, ಯಾರ ಮುಖವನ್ನೂ ನೋಡದೆ ಕೇಳಿದರು: "ಯಾರಾದ್ರೂ ಯಾರಿಗಾದ್ರೂ ಕೂಲಿ ಬಾಕಿ ಇಟ್ಟಿದ್ದೀರಾ?"

ಫ್ಯಾನ್ ಸದ್ದು ಮಾತ್ರ. ನಾನು ಬೈಬಲ್‌ನ ರಿಬ್ಬನ್ ಎಳೆದು ಸರಿ ಮಾಡಿದೆ. ಸರಿಯಾಗಿಯೇ ಇತ್ತು ಅದು.

ಕಾರ್ಖಾನೆಗೆ ನಾನು ಹಿಡಿದ ಗಡುವು 14 ದಿನ. ನನಗೆ ಇದ್ದ ಗಡುವು ಅವತ್ತಿನ ಸಂಜೆ. ನಮಗೇ ಬಂದಿಲ್ಲ ಅನ್ನುವ ಮಾತಿಗೆ ಆ ವಚನದಲ್ಲಿ ಜಾಗವೇ ಇಲ್ಲ. ಯಾಕಿಲ್ಲ ಅಂತ ಯೋಚಿಸಿದಾಗ ಗೊತ್ತಾಯಿತು: ಬಿಲ್ ಬರದಿದ್ದರೆ ನಾನು ಬೈದುಕೊಂಡು ತಿಂಗಳ ಸಂಬಳದಲ್ಲಿ ಊಟ ಮಾಡುತ್ತೇನೆ. ಅವರು ಅಂಗಡಿಯಲ್ಲಿ ಸಾಲ ಹೇಳಿ ಅಕ್ಕಿ ತರಬೇಕು.

ಮರುದಿನ ಎರಡು ಬಳೆ ಅಡವಿಟ್ಟೆ. ಗ್ಯಾಂಗ್ ಅಷ್ಟರಲ್ಲಿ ಪಾಂಡವಪುರದ ಕಡೆ ಹೋಗಿತ್ತು. ಹುಡುಕಿಕೊಂಡು ಹೋಗಿ ಮೇಸ್ತ್ರಿಗೆ ಹಣ ಕೊಟ್ಟೆ. ಎಂಜಲು ಹಚ್ಚಿ ಎರಡು ಸಲ ಎಣಿಸಿದ. "ಅಂಗಡಿಯವ್ನು ಬಡ್ಡಿ ಹಾಕ್ಯಾನ್ರೀ ಅಕ್ಕಾರ, ಅದು ಯಾರ ಲೆಕ್ಕ?" ಅಂದ. ಚೌಕಾಸಿ ಮಾಡಿ ಅರ್ಧ ಕೊಟ್ಟೆ. ಬಸ್ಸಿನಲ್ಲಿ ವಾಪಸ್ ಬರುವಾಗ ಜಕ್ಕಾಯ ನೆನಪಾದ. ಲೂಕನ ಸುವಾರ್ತೆಯಲ್ಲಿ ಬರುವ ಸುಂಕದವರ ಮುಖ್ಯಸ್ಥ. ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದವನು. ನಾನು ಬಡ್ಡಿಯಲ್ಲಿ ಅರ್ಧ ಉಳಿಸಿಕೊಂಡು ಬಂದವಳು. ಉಳಿದರ್ಧ ಕಳಿಸಿದ್ದು ಇನ್ನೂ ಒಂದು ವಾರ ಬಿಟ್ಟು, ನಾಚಿಕೆ ತಡೆಯಲಾಗದೆ.

ಶಿಷ್ಯರಾಗುವುದು ಅಂದರೆ ಏನು ಅಂತ ಚರ್ಚ್‌ನಲ್ಲಿ ಪಾಠಗಳಿವೆ, ಪುಸ್ತಕಗಳಿವೆ. ನಾನು ಕಲಿತದ್ದು ಇಷ್ಟೇ ಇಷ್ಟು ಮತ್ತು ಇಷ್ಟು ನಿಧಾನಕ್ಕೆ. ನಮ್ಮ ತಾತನ ಆಲೆಮನೆಯಲ್ಲಿ ಕೆಲಸಕ್ಕೆ ಸೇರಿದ ಹುಡುಗ ಮೊದಲೆರಡು ವರ್ಷ ಕೊಪ್ಪರಿಗೆ ತಿಕ್ಕುತ್ತಿದ್ದ, ಒಲೆಗೆ ಸಿಪ್ಪೆ ಹಾಕುತ್ತಿದ್ದ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ಹದ ನೋಡುವುದು ಅದಾದ ಮೇಲೆ. ಕೈ ಸುಡದೆ ಕಲಿತವನು ಯಾರೂ ಇರಲಿಲ್ಲ ಅಂತ ತಾತ ಹೇಳುತ್ತಿದ್ದರು. ಯೇಸು ಮೀನುಗಾರರಿಗೆ ಓದಿ ಅನ್ನಲಿಲ್ಲ, ನನ್ನ ಹಿಂದೆ ಬನ್ನಿ ಅಂದ.

ಈಗ ಸೀರೆ. ಧರ್ಮೋಪದೇಶಕಾಂಡ 22:11ರಲ್ಲಿ ಆ ಎರಡು ನೂಲು ಯಾವುವು ಅಂತ ಬಿಡಿಸಿ ಹೇಳಿದೆ: ಉಣ್ಣೆ ಮತ್ತು ನಾರು, ಅಂದರೆ ಲಿನನ್. ದೇವಾಲಯ ಕಟ್ಟುವ ಮೊದಲು ಆರಾಧನೆ ನಡೆಯುತ್ತಿದ್ದ ಗುಡಾರದ ಪರದೆಯಲ್ಲೂ ಮಹಾಯಾಜಕನ ಉಡುಪಿನಲ್ಲೂ ನಾರಿನ ಜೊತೆ ಬಣ್ಣದ ದಾರ ಸೇರುತ್ತಿತ್ತು. ಆ ಬಣ್ಣದ ದಾರ ಉಣ್ಣೆಯದು, ದೇವಾರಾಧನೆಗೆ ಮೀಸಲಾದದ್ದನ್ನು ಮನೆ ಬಳಕೆಗೆ ತರಬಾರದು ಅಂತ ಹೀಗೆ ಹೇಳಿದ್ದಿರಬಹುದು ಅಂತ ಹಲವು ಪಂಡಿತರು ಹೇಳುತ್ತಾರೆ. ಯೆಹೂದ್ಯರಲ್ಲಿ ಇವತ್ತಿಗೂ ಇದನ್ನು ಪಾಲಿಸುವವರಿದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಯೆಹೂದ್ಯರಲ್ಲದ ನಮ್ಮಂಥವರ ಮೇಲೆ ಮೋಶೆಯ ನಿಯಮದ ಹೊರೆಯನ್ನು ಹೊರಿಸುವುದು ಬೇಡ ಅಂತ ಯೆರೂಸಲೇಮಿನಲ್ಲಿ ಅಪೊಸ್ತಲರೇ, ಅಂದರೆ ಯೇಸು ಕಳಿಸಿದ ಮೊದಲ ಶಿಷ್ಯರೇ, ಕೂತು ತೀರ್ಮಾನಿಸಿದರು. ಅಪೊಸ್ತಲರ ಕೃತ್ಯಗಳು 15ರಲ್ಲಿದೆ.

ಹಾಗಾದರೆ ಕೂಲಿಯ ಮಾತನ್ನೂ ಹಾಗೇ ಬಿಡಬಹುದಲ್ಲ ಅಂದರೆ, ಆಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದು ಅಂತ ಕೇಳಿದಾಗ ಯೇಸು ಹೇಳಿದ ಎರಡನೆಯದು, ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವುದು, ಇದೇ ಯಾಜಕಕಾಂಡ 19ರ 18ನೇ ವಚನ. ಸೀರೆ ವಚನದ ಹಿಂದಿನದ್ದು. ಕೂಲಿ ಹಿಡಿದುಕೊಂಡವರಿಗೆ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ಮತ್ತೆ ಛೀಮಾರಿ ಹಾಕುತ್ತದೆ. ಆದ್ದರಿಂದ ನನ್ನ ಉತ್ತರ, ಮೇಷ್ಟ್ರೇ: ಎಲ್ಲವನ್ನೂ ಮಾಡುವುದಿಲ್ಲ. ಮಾಡಬೇಕಾದದ್ದನ್ನೂ ಎಷ್ಟೋ ಸಲ ಮಾಡಿರುವುದಿಲ್ಲ. ಯಾವುದನ್ನು ಬಿಡಬೇಕು ಅಂತ ನನ್ನ ಮನಸ್ಸು ಬಹಳ ಬೇಗ ಹೇಳಿದರೆ, ಆ ವಚನವನ್ನು ಇನ್ನೊಂದು ಸಲ ಓದುತ್ತೇನೆ. ಅದರಲ್ಲಿ ನನ್ನ ದುಡ್ಡಿನ ವಿಷಯ ಇದ್ದರೆ ಎರಡು ಸಲ.

ಈಗ ಜಮೀನಿಗೆ ಆಳು ಬರುವ ಹಿಂದಿನ ದಿನವೇ ಬ್ಯಾಂಕಿಗೆ ಹೋಗಿ ಚಿಲ್ಲರೆ ತರುತ್ತೇನೆ. ಮನೆಕೆಲಸದವಳಿಗೆ ಹತ್ತನೇ ತಾರೀಕಿನ ಸಂಬಳ ಒಂದನೇ ತಾರೀಕಾಗಿದೆ. ಮೇಷ್ಟ್ರು ಇದನ್ನೆಲ್ಲ ಕೇಳಿ ಸುಮ್ನೆ ಇರಲಿಲ್ಲ. ಅದೇ ಅಧ್ಯಾಯದ 9ನೇ ವಚನ ತೆಗೆದರು. ಪೈರು ಕೊಯ್ಯುವಾಗ ಅಂಚಿನ ತನಕ ಕೊಯ್ಯಬೇಡ, ಹಕ್ಕಲು ಆಯಬೇಡ, ಬಡವರಿಗೂ ಪರದೇಶಿಗಳಿಗೂ ಬಿಡು.

ಹಕ್ಕಲು ಅಂದರೆ ಏನು ಅಂತ ಮಂಡ್ಯದಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ನಮ್ಮಜ್ಜಿ ಕುಯ್ಲಾದ ರಾಗಿ ಹೊಲದಲ್ಲಿ ಬಿದ್ದ ತೆನೆ ಆಯ್ದು ಮಡಿಲು ತುಂಬಿಕೊಂಡು ಬರುತ್ತಿದ್ದರಂತೆ. ಬೈಬಲ್‌ನಲ್ಲಿ ಬರುವ ಬಡ ವಿಧವೆ ರೂತಳು ಬೋವಜನ ಹೊಲದಲ್ಲಿ ಮಾಡಿದ್ದೂ ಅದೇ. ಭತ್ತ ರಾಗಿಗೆ ಸರಿ. ಕಬ್ಬಿನಲ್ಲಿ ಹಕ್ಕಲು ಯಾವುದು? ಸೋಗೆ ಅನ್ನೋಣ ಅಂದರೆ ಅದನ್ನು ಹೇಗೂ ಊರವರು ದನಕ್ಕೆ ಒಯ್ಯುತ್ತಾರೆ, ನಾನು ಬಿಟ್ಟದ್ದೇನೂ ಇಲ್ಲ. "ಸಂಬಳದಲ್ಲಿ ಅಂಚು ಎಲ್ಲಿ ಬರುತ್ತೆ ಮೇಡಂ, 25ನೇ ತಾರೀಕಿನ ಮೇಲೆ ನನಗೇ ಹಕ್ಕಲು" ಅಂದರು ಮೇಷ್ಟ್ರು.

ಬುಧವಾರ ಕೂಟದಲ್ಲಿ ಇದನ್ನೇ ಕೇಳಿದೆ. ಅಮ್ಮ ಕನ್ನಡಕ ತೆಗೆದು ಒರೆಸಿದರು, ಏನೂ ಹೇಳಲಿಲ್ಲ. ಬರುವ ಕಟಾವಿಗೆ ನಾಲೆಯ ಕಡೆಯ ಎರಡು ಸಾಲು ಬಿಡೋಣ, ಬೇಕಾದವರು ಕಡಿದುಕೊಳ್ಳಲಿ ಅಂತ ನಾನು ತಮ್ಮನಿಗೆ ಹೇಳಿದ್ದೇನೆ. "ಬಿಟ್ರೆ ಕಾಡುಹಂದಿ ತಿಂತವೆ ಅಕ್ಕ" ಅನ್ನುತ್ತಾನೆ ಅವನು. ಇನ್ನೂ ತೀರ್ಮಾನ ಆಗಿಲ್ಲ.