ನೀರಿನ ಮೇಲೆ ಗಾಡಿ ಓಡಲ್ಲ

ಧಾರವಾಡದಲ್ಲಿ ಬ್ಯಾಟರಿ, ಹೈಡ್ರೋಜನ್ ಮೇಲೆ ಸಂಶೋಧನೆ ಮಾಡುತ್ತೇನೆ ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: 'ನೀರಿನ ಮ್ಯಾಲೆ ಗಾಡಿ ಯಾವಾಗ ಓಡ್ತೈತ್ರಿ ಸರ?' ಚಿಗರಿ ಬಸ್ಸಿನಲ್ಲಿ ಕೇಳಿದ್ದಾರೆ, ಕಟಿಂಗ್ ಅಂಗಡಿಯಲ್ಲಿ ಕೇಳಿದ್ದಾರೆ. ಹೇಳಿ ಹೇಳಿ ಸಾಕಾಗಿದೆ, ಒಮ್ಮೆ ಬರೆದುಬಿಡುತ್ತೇನೆ. ಓಡಲ್ಲ. ಯಾವತ್ತೂ ಓಡಲ್ಲ.

ನೀರು ಅಂದರೆ ಸುಟ್ಟು ಮುಗಿದ ಹೈಡ್ರೋಜನ್. ಒಲೆಯ ಬೂದಿ ಇದ್ದ ಹಾಗೆ. ಬೂದಿ ಉರಿಸಿ ರೊಟ್ಟಿ ಬೇಯಿಸೋಕಾಗುತ್ತಾ? ನೀರಿನಿಂದ ಹೈಡ್ರೋಜನ್ ಬಿಡಿಸಬಹುದು, ಆದರೆ ಕರೆಂಟ್ ಸುರಿಯಬೇಕು. ಒಂದು ಕಿಲೋ ಹೈಡ್ರೋಜನ್‌ಗೆ ನೀರು ಸುಮಾರು 9 ಲೀಟರ್ ಸಾಕು, ಕರೆಂಟ್ ಮಾತ್ರ 50 ಯೂನಿಟ್‌ಗೂ ಜಾಸ್ತಿ. ಅದೇ ಕಿಲೋವನ್ನು ಗಾಡಿಯ ಫ್ಯುಯೆಲ್ ಸೆಲ್‌ಗೆ, ಅಂದರೆ ಹೈಡ್ರೋಜನ್‌ನಿಂದ ಕರೆಂಟ್ ಮಾಡುವ ಸಾಧನಕ್ಕೆ, ಕೊಟ್ಟರೆ ವಾಪಸ್ ಬರುವುದು 15-20 ಯೂನಿಟ್.

ಗದಗದ ಒಂದು ಮದುವೆಯಲ್ಲಿ ಕಾಕಾ ಮೊಬೈಲ್ ಮುಖಕ್ಕೆ ಹಿಡಿದರು. ಯಾರೋ ಬೈಕಿಗೆ ನೀರು ಹಾಕಿ ಓಡಿಸುವ ವಿಡಿಯೋ. 'ಏಳನೇತ್ತ ಓದಿದಾಂವ ಮಾಡ್ಯಾನ. ನೀವು ಪಿಎಚ್‌ಡಿ ಮಾಡಿದವ್ರು ಇಪ್ಪತ್ತು ವರ್ಷದಿಂದ ಏನ್ ಮಾಡಾಕತ್ತೀರಿ?' ಪಂಕ್ತಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ವಿಡಿಯೋದಲ್ಲಿ ನೀರು ಬೀಳುವ ಡಬ್ಬಿಯೊಳಗೆ ಬೂದು ಬಣ್ಣದ ಹರಳು ಕಾಣುತ್ತಿತ್ತು. ಕ್ಯಾಲ್ಸಿಯಂ ಕಾರ್ಬೈಡ್. ಅದಕ್ಕೆ ನೀರು ತಾಗಿದರೆ ಅಸಿಟಿಲಿನ್ ಗ್ಯಾಸ್ ಬರುತ್ತದೆ, ವೆಲ್ಡಿಂಗ್ ಅಂಗಡಿಯವರನ್ನು ಕೇಳಿ. ಕದ್ದು ಮಾವಿನಕಾಯಿ ಹಣ್ಣು ಮಾಡುವುದೂ ಅದರಿಂದಲೇ. ಗಾಡಿ ಓಡಿದ್ದು ಕಾರ್ಬೈಡ್ ಮೇಲೆ.

ನನಗೆ ನಿಜಕ್ಕೂ ಸಿಟ್ಟು ಬಂತು. ನಮ್ಮ ಹುಡುಗರು ರಾತ್ರಿ ಹನ್ನೊಂದಕ್ಕೂ ಲ್ಯಾಬಿನಲ್ಲಿರುತ್ತಾರೆ. ಈ ಕೆಲಸ ಹೀಗೇ ನಿಧಾನ. ಲಿಥಿಯಂ ಬ್ಯಾಟರಿಯಲ್ಲಿ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಬಳಸಬಹುದು ಅಂತ ವಿಜ್ಞಾನಿ ಜಾನ್ ಗುಡ್‌ಇನಫ್ ಅವರ ತಂಡ ತೋರಿಸಿದ್ದು 1980ರಲ್ಲಿ. ಸೋನಿ ಕಂಪನಿ ಅಂಥ ಬ್ಯಾಟರಿ ಮಾರ್ಕೆಟ್ಟಿಗೆ ತಂದಿದ್ದು 1991ರಲ್ಲಿ. ನಡುವಿನ ಆ ಹನ್ನೊಂದು ವರ್ಷದ ವಿಡಿಯೋ ಯಾರೂ ಮಾಡಲ್ಲ.

ಅವತ್ತು ಸಂಜೆ ಮುಂಡರಗಿ ಬಸ್ಸಿನಲ್ಲಿ ಪಕ್ಕದಲ್ಲಿ ಚಿಗವ್ವ ಕೂತಿದ್ದಳು. ಕಪ್ಪತಗುಡ್ಡದ ಮೇಲಿನ ಗಾಳಿ ಫ್ಯಾನ್‌ಗಳಲ್ಲಿ ಒಂದೆರಡು ನಿಂತಿದ್ದವು. ಅವುಗಳನ್ನೇ ನೋಡುತ್ತಾ ಕೇಳಿದಳು: 'ತಮ್ಮಾ, ಗಾಳಿ ನಿಂತ್ರ ಲೈಟ್ ಹೆಂಗ ಹತ್ತತಾವ?'

ಇದು ಪ್ರಶ್ನೆ ನೋಡಿ. ನಾನು ಬಸ್ ಇಳಿಯುವವರೆಗೂ ಹೇಳಿದೆ. ಮುಂಗಾರಿನಲ್ಲಿ ಗಾಳಿ ಜೋರು, ಆಮೇಲೆ ಇಳಿಯುತ್ತದೆ. ಹಗಲಿನ ಕರೆಂಟ್ ರಾತ್ರಿಗೆ ಇಡೋಕೆ ಬ್ಯಾಟರಿಯೇ ಸರಿ, 10 ಯೂನಿಟ್ ಹಾಕಿದರೆ ಸುಮಾರು 9 ವಾಪಸ್. ತಿಂಗಳುಗಟ್ಟಲೆ ಇಡಬೇಕು ಅಂದರೆ ಹೈಡ್ರೋಜನ್ ಲೆಕ್ಕಕ್ಕೆ ಬರುತ್ತದೆ. ಹೊಲಕ್ಕೆ ಹಾಕುವ ಯೂರಿಯಾಕ್ಕೂ ಹೈಡ್ರೋಜನ್ನೇ ಬೇಕು, ಈಗ ಅದನ್ನು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ.

ನಮ್ಮ ಲ್ಯಾಬಿನಲ್ಲಿ ಮಾಡುವುದು ಸೋಡಿಯಂ ಬ್ಯಾಟರಿ. ಅಡುಗೆ ಉಪ್ಪಿನಲ್ಲಿರುವ ಸೋಡಿಯಂ, ಲಿಥಿಯಂನಂತೆ ಹೊರದೇಶದಿಂದ ತರಿಸಬೇಕಾಗಿಲ್ಲ. ಒಂದೊಂದು ಸೆಲ್ ಒಂದು ರೂಪಾಯಿ ನಾಣ್ಯದಷ್ಟು. ಒಮ್ಮೆ ಚಾರ್ಜ್ ಆಗಿ ಖಾಲಿಯಾಗೋಕೆ ನಾಲ್ಕು ಗಂಟೆ. 500 ಸಲ ಆಗಬೇಕು ಅಂದರೆ 83 ದಿನ. ಮುನ್ನೂರು ದಾಟಿದ ಮೇಲೆ ಶಕ್ತಿ ಇಳಿಯುತ್ತಿದೆ, ಯಾಕೆ ಅಂತ ಹುಡುಕುತ್ತಿದ್ದೇವೆ.

ಚಿಗವ್ವ ಈಗ ಫೋನ್ ಮಾಡಿದಾಗಲೆಲ್ಲ 'ಎಷ್ಟಾತು?' ಅಂತಾಳೆ. ಮೊನ್ನೆ 341 ಅಂದೆ.