ಚಾವಣಿ ಮೇಲಿನ ಡಿಶ್ ಮತ್ತು ಐಐಎಸ್‌ಸಿ ಇಂಟರ್‌ವ್ಯೂ

ನನ್ನ ಅಕ್ಕನ ಮಗಳು ಬಿಎಸ್ಸಿ ಮುಗಿಸುತ್ತಿದ್ದಾಳೆ. ಎಂಎಸ್ಸಿ ಸೇರೋಕೆ ಬರೆಯೋ ಜ್ಯಾಮ್ ಪರೀಕ್ಷೆಯಲ್ಲಿ ಒಳ್ಳೆ ರ್‍ಯಾಂಕ್ ಬಂತು, ಬೆಂಗಳೂರಿನ ಐಐಎಸ್‌ಸಿಯಿಂದ (ಭಾರತೀಯ ವಿಜ್ಞಾನ ಸಂಸ್ಥೆ) ಎಂಎಸ್ಸಿ, ಪಿಎಚ್‌ಡಿ ಎರಡೂ ಸೇರಿದ ಇಂಟಿಗ್ರೇಟೆಡ್ ಪಿಎಚ್‌ಡಿ ಇಂಟರ್‌ವ್ಯೂಗೆ ಕರೆ ಬಂದಿದೆ. ನಾನು ಹಾಸನದಲ್ಲಿ ಡಿಗ್ರಿ ಹುಡುಗರಿಗೆ ಫಿಸಿಕ್ಸ್ ಪಾಠ ಮಾಡುವವಳು. ಹಾಗಾಗಿ ತಯಾರಿ ಜವಾಬ್ದಾರಿ ನನ್ನ ತಲೆಗೇ ಬಂತು.

ಯಾವ ಬಟ್ಟೆ, ಯಾವ ಫೈಲು, ಹಿಂದಿನ ದಿನ ಯಾವ ರೈಲು ಅನ್ನೋದೆಲ್ಲ ಅಕ್ಕ ನೋಡಿಕೊಳ್ಳುತ್ತಾಳೆ. ನನಗೆ ಚಿಂತೆ ಇದ್ದದ್ದು ಬೇರೆ. ನಾಲ್ಕು ಆಯ್ಕೆಯಲ್ಲಿ ಒಂದನ್ನು ಗುರುತು ಹಾಕಿ ಹಾಕಿ ನಮ್ಮ ಮಕ್ಕಳಿಗೆ ಉತ್ತರ ಬೇಗ ಸಿಗುತ್ತೆ. ಆದರೆ ಉತ್ತರದ ಬೆನ್ನಿಗೇ ಬರೋ ‘ಯಾಕೆ’ಗೆ ಬಾಯಿ ಕಟ್ಟುತ್ತೆ. ಬೋರ್ಡ್ ಮುಂದೆ ನಿಲ್ಲಿಸಿ ಕೇಳುವವರು ಕಾಯುವುದು ಆ ಎರಡನೇ ಪ್ರಶ್ನೆಗೇ.

ಮೊದಲ ದಿನ ಕೇಳಿದೆ: "ಹಾಸನದವಳು ಅಂತೀಯ. ನಿಮ್ಮೂರಲ್ಲಿ ಏನಿದೆ ಅಂದ್ರೆ ಏನು ಹೇಳ್ತೀಯ?"

"ಬೇಲೂರು, ಹಳೇಬೀಡು, ಚಿಕ್ಕಮ್ಮ."

ಸರಿ. ಆದರೆ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳನ್ನು ನೆಲದಿಂದ ನಿಯಂತ್ರಿಸೋ ಕೇಂದ್ರ, ಇದೆಯಲ್ಲ! 1982ರಿಂದ ಇನ್ಸಾಟ್ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದು ನಿಲ್ಲಿಸುವ ಕೆಲಸ ಅಲ್ಲಿ ನಡೆಯುತ್ತಿದೆ. ಫಿಸಿಕ್ಸ್ ಓದಿದ ಹಾಸನದ ಹುಡುಗಿ ಅದನ್ನು ಬಿಟ್ಟರೆ ಹೇಗೆ? ಬರೀ ಹೆಸರು ಹೇಳಿದರೂ ಸಾಲದು, ಹೇಳಿದ ಮೇಲೆ ಅದನ್ನು ಬಿಡಿಸಬೇಕು.

ಹಾಗಾಗಿ, ಭೂಮಿಯ ಜೊತೆಗೇ ಸುತ್ತುತ್ತಾ ಒಂದೇ ಕಡೆ ನಿಂತಂತೆ ಕಾಣೋ ಇಂಥ ಉಪಗ್ರಹ ಎಷ್ಟು ಎತ್ತರದಲ್ಲಿರಬೇಕು ಅಂತ ಲೆಕ್ಕ ಹಾಕಲು ಬೋರ್ಡಿಗೆ ಕಳಿಸಿದೆ. ಗುರುತ್ವ ಬಲವನ್ನು ವೃತ್ತಚಲನೆಗೆ ಬೇಕಾದ ಬಲಕ್ಕೆ ಸಮ ಮಾಡಿದಳು. ಅವಧಿಗೆ 24 ಗಂಟೆ ಹಾಕಿದಳು. ಎಲ್ಲರೂ ಹಾಕುವುದು ಅದನ್ನೇ. ಆದರೆ ನಕ್ಷತ್ರಗಳ ಲೆಕ್ಕದಲ್ಲಿ ಭೂಮಿ ಒಂದು ಸುತ್ತು ಮುಗಿಸುವುದು 23 ಗಂಟೆ 56 ನಿಮಿಷಕ್ಕೆ. ಅದನ್ನು ಹಾಕಿದರೆ ಭೂಮಿಯ ಕೇಂದ್ರದಿಂದ 42,164 ಕಿ.ಮೀ., ಅಂದರೆ ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರ. ಅವಳದ್ದು 77 ಕಿ.ಮೀ. ಜಾಸ್ತಿ ಬಂದಿತ್ತು.

"ಇಷ್ಟಕ್ಕೆ ಏನಾಗುತ್ತೆ ಬಿಡಿ" ಅಂದಳು. ಏನಾಗುತ್ತೆ ಅಂತ ನೀನೇ ಹೇಳು ಅಂದೆ. ಗೊಣಗುತ್ತಾ ಲೆಕ್ಕ ಹಾಕಿದಳು. ಉಪಗ್ರಹ ದಿನಕ್ಕೆ ಸುಮಾರು ಒಂದು ಡಿಗ್ರಿ ಪಶ್ಚಿಮಕ್ಕೆ ಜಾರುತ್ತೆ. ಎರಡು ಮೂರು ದಿನಕ್ಕೆ ಮನೆ ಟಿವಿ ಬಂದ್! ಅಲ್ಲಿಗೆ ಎಂಸಿಎಫ್‌ನವರಿಗೆ ಏನು ಕೆಲಸ ಅನ್ನೋದೂ ಅವಳಿಗೆ ತಾನಾಗೇ ಹೊಳೆಯಿತು. ಸೂರ್ಯ ಚಂದ್ರರ ಸೆಳೆತಕ್ಕೆ ಉಪಗ್ರಹ ಜರುಗುತ್ತಲೇ ಇರುತ್ತೆ, ಆಗಾಗ ಎಂಜಿನ್ ಉರಿಸಿ ಅದನ್ನು ಜಾಗಕ್ಕೆ ತರುತ್ತಿರಬೇಕು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಆಮೇಲಿನದು. ಆಲೂರು ಕಡೆ ಅವರ ಮನೆ ಮೇಲೆ ದೂರದರ್ಶನದ ಫ್ರೀ ಡಿಶ್ ಇದೆ. ಅದು ನೋಡುವುದು 93.5 ಡಿಗ್ರಿ ಪೂರ್ವ ರೇಖಾಂಶದ ಜಿಸ್ಯಾಟ್-15 ಕಡೆಗೆ. ನಮ್ಮಿಂದ ನೋಡಿದರೆ ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲೆ ಇರಬೇಕು ಅಂತ ಲೆಕ್ಕ ಹಾಕಿಸಿದೆ. ಸುಮಾರು 65 ಡಿಗ್ರಿ ಬಂತು. ಮನೆಗೆ ಹೋಗಿ ಡಿಶ್ ಅಷ್ಟೇ ಮೇಲಕ್ಕೆ ಮುಖ ಮಾಡಿದೆಯಾ ಅಂತ ಅಳೆದು ನೋಡು ಅಂದೆ. ತಮ್ಮನ ಜಾಮಿಟ್ರಿ ಬಾಕ್ಸಿನ ಪ್ರೊಟ್ರ್ಯಾಕ್ಟರಿಗೆ ದಾರ ಕಟ್ಟಿ, ತುದಿಗೆ ಒಂದು ನಟ್ ತೂಗುಬಿಟ್ಟು, ಚಾವಣಿ ಹತ್ತಿದಳು. ರಾತ್ರಿ ಫೋನು.

"ಚಿಕ್ಕಮ್ಮ, ನಲವತ್ತು ಬರ್ತಿದೆ. ಆದ್ರೂ ಟಿವಿ ಚೆನ್ನಾಗೇ ಬರ್ತಿದೆ!"

"ಹಾಗಾದ್ರೆ ಯಾರದು ತಪ್ಪು ಕಣೇ, ಡಿಶ್ಶಿಂದಾ ಲೆಕ್ಕದ್ದಾ?"

ಎರಡು ದಿನ ಒದ್ದಾಡಿದಳು. ನಾನು ಬಾಯಿ ಬಿಡಲಿಲ್ಲ. ಕೊನೆಗೆ ಡಿಶ್ಶಿನ ಮುಂದೆ ಚಾಚಿರೋ ಕೈ ನೋಡಿ ಹೊಳೆಯಿತಂತೆ. ಸಿಗ್ನಲ್ ಹಿಡಿಯೋ ಎಲ್‌ಎನ್‌ಬಿ ತಟ್ಟೆಯ ನಡುವಿಗೆ ನೇರವಾಗಿಲ್ಲ, ಕೆಳಗೆ ಪಕ್ಕಕ್ಕಿದೆ. ಆ ತಟ್ಟೆ ಒಂದು ದೊಡ್ಡ ಪ್ಯಾರಾಬೋಲಾದಿಂದ ಕತ್ತರಿಸಿದ ಮೇಲಿನ ತುಂಡು. ಅದಕ್ಕೇ ಮುಖ ಮಾಡಿರೋ ದಿಕ್ಕಿಗಿಂತ 20-25 ಡಿಗ್ರಿ ಮೇಲೆ ನೋಡುತ್ತೆ. ಎಲ್‌ಎನ್‌ಬಿ ನೆರಳು ತಟ್ಟೆ ಮೇಲೆ ಬೀಳಲ್ಲ. ಮಲೆನಾಡಿನ ಮಳೆ ನೀರೂ ನಿಲ್ಲದೆ ಜಾರಿಹೋಗುತ್ತೆ.

ಮಳೆ ಅಂದಕೂಡಲೇ ಮುಂದಿನ ಪ್ರಶ್ನೆ: ಜೋರು ಮಳೆಗೆ ಟಿವಿ ಯಾಕೆ ಹೋಗುತ್ತೆ? ಮೋಡ ಅಡ್ಡ ಬರುತ್ತೆ ಅಂದಳು. ಬರೀ ಮೋಡ ಇದ್ದಾಗ ಟಿವಿ ಬರುತ್ತಲ್ಲ ಅಂದೆ. ಮಳೆ ಹನಿಯ ಗಾತ್ರ ಕೆಲವು ಮಿಲಿಮೀಟರ್, ಟಿವಿ ಸಿಗ್ನಲ್‌ನ ತರಂಗದ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು, ಹಾಗಾಗಿ ಹನಿ ಸಿಗ್ನಲ್ಲನ್ನು ಹೀರುತ್ತೆ, ಚದುರಿಸುತ್ತೆ. ಮೋಡದ ಹನಿಯಾದರೋ ಕಣ್ಣಿಗೂ ಕಾಣದಷ್ಟು ಸಣ್ಣದು, ಅದರಿಂದ ಅಷ್ಟು ತೊಂದರೆ ಇಲ್ಲ. ಅಲ್ಲಿಂದ ಚದುರುವಿಕೆಗೆ ಹೋದೆವು, ಆಕಾಶದ ನೀಲಿಗೂ ಹೋಗಿಬಂದೆವು.

"ಇದನ್ನೆಲ್ಲ ಕೇಳ್ತಾರಾ ಚಿಕ್ಕಮ್ಮ?" ಅಂತ ಅವಳ ಅನುಮಾನ. ಕೇಳದೇನೂ ಇರಬಹುದು. ಸೈನ್ ಎಕ್ಸ್ ಬೈ ಎಕ್ಸ್ ಗ್ರಾಫ್ ಬರಿ ಅನ್ನಬಹುದು. ಅದನ್ನೂ ಬರೆಸುತ್ತಿದ್ದೇನೆ, ಬರೆಯುವಾಗ ತಲೆಯಲ್ಲಿ ಓಡುತ್ತಿರುವುದನ್ನು ಜೋರಾಗಿ ಹೇಳಿಸುತ್ತಿದ್ದೇನೆ. ಕನ್ನಡ ಮೀಡಿಯಂನವಳು, ಇಂಗ್ಲಿಷಿನಲ್ಲಿ ತಡವರಿಸುತ್ತಾಳೆ. ಅದಕ್ಕೆ ಮೊದಲ ಸಲ ಕನ್ನಡದಲ್ಲೇ ಹೇಳಿಸುತ್ತೇನೆ, ಎರಡನೇ ಸಲ ಇಂಗ್ಲಿಷಿನಲ್ಲಿ. ವಿಷಯ ಗಟ್ಟಿಯಾದ ಮೇಲೆ ತಡವರಿಕೆ ಅರ್ಧಕ್ಕರ್ಧ ಕಡಿಮೆಯಾಗಿದೆ.

ಈ ಭಾನುವಾರ ನಮ್ಮ ಕಾಲೇಜಿನ ಬಾಟನಿ ಮೇಷ್ಟ್ರನ್ನು ಮನೆಗೆ ಕರೆದಿದ್ದೇನೆ. ಅವರಿಗೆ ಫಿಸಿಕ್ಸ್ ಪೂರ್ತಿ ಮರೆತುಹೋಗಿದೆ. ನಾನಾದರೆ ಅವಳು ಅರ್ಧ ಹೇಳಿದಾಗಲೇ ತಲೆ ಆಡಿಸಿಬಿಡುತ್ತೇನೆ. ಅವರು ಹಾಗೆಲ್ಲ ಬಿಡೋ ಆಸಾಮಿ ಅಲ್ಲ.